ಕೈಯಲ್ಲಿರುವ ಕ್ಯಾಮೆರಾ ಸಾಕಾ, ಬದಲಿಸಬೇಕಾ?

ಹೋದ ಸಂಚಿಕೆಯಲ್ಲಿ ಓದುಗರಿಗೆ ಒಂದೇ ಒಂದು ಪ್ರಶ್ನೆ ಕೇಳಿದ್ದೆ. ಈಗ ನಿಮ್ಮ ಹತ್ತಿರ ಇರುವ ಕ್ಯಾಮೆರಾ, ಲೆನ್ಸುಗಳ ಬಗ್ಗೆ ನಿಮಗೆ ತೃಪ್ತಿ ಇದೆಯಾ? ಉತ್ತರ ಬರೆಯಿರಿ ಅಂದರೆ ಹೆಚ್ಚಿನವರು ಪ್ರಶ್ನೆಗಳನ್ನೇ ಬರೆದು ಕಳಿಸಿದ್ದೀರಿ. ನನಗೆ ಖುಷಿಯಾಯಿತು. ಎಲ್ಲ ಪತ್ರಗಳನ್ನೂ ಓದಿದ್ದೇನೆ. ಹಲವರ ಸಮಸ್ಯೆ ಒಂದೇ ಥರ ಇದ್ದುದರಿಂದ ಕೆಲವನ್ನು ಮಾತ್ರ ಇಲ್ಲಿ ತೆಗೆದುಕೊಂಡಿದ್ದೇನೆ. ಹೆಸರು ಹಾಕಬೇಡಿ ಎಂದು ಸುಮಾರು ಜನ ಕೇಳಿಕೊಂಡಿದ್ದರು, ಹಾಗಾಗಿ ಊರು ಮಾತ್ರ ಇದೆ.

ಪ್ರಶ್ನೆ: ಸರ್, ನನ್ನ ಹತ್ತಿರ ಕ್ಯಾನನ್ 80ಡಿ ಮತ್ತು 55-250 ಲೆನ್ಸ್ ಇದೆ. ಹಕ್ಕಿಗಳ ಫೋಟೋ ಅಂದರೆ ಪ್ರಾಣ. ರಜೆ ಸಿಕ್ಕಿದರೆ ರಂಗನತಿಟ್ಟಿಗೆ ಹೋಗುತ್ತೇನೆ. ಆದರೆ ದೋಣಿ ಹತ್ತಿದ ಕೂಡಲೇ ಮನಸ್ಸು ಕುಗ್ಗುತ್ತದೆ. ಸುತ್ತ ಕೂತವರ ಕೈಯಲ್ಲೆಲ್ಲ ಅಷ್ಟುದ್ದದ ಲೆನ್ಸು. ನನ್ನದನ್ನು ಬ್ಯಾಗಿನಿಂದ ತೆಗೆಯೋಕೇ ನಾಚಿಕೆ. ಕಂತಿನಲ್ಲಿ ಮಿರರ್‌ಲೆಸ್ ಬಾಡಿ (ಒಳಗೆ ಕನ್ನಡಿ ಇಲ್ಲದ ಹೊಸ ಥರದ ಕ್ಯಾಮೆರಾ, ಲೆನ್ಸ್ ಬಿಟ್ಟು) ತಗೊಳ್ಳಬೇಕು ಅಂದುಕೊಂಡಿದ್ದೇನೆ. ತಗೊಳ್ಳಲಾ?
— ಓದುಗರು, ಮಂಡ್ಯ

ಉತ್ತರ: ಸದ್ಯಕ್ಕೆ ತಗೊಳ್ಳಬೇಡಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

80ಡಿ ಬಂದದ್ದು 2016ರಲ್ಲಿ. 24 ಮೆಗಾಪಿಕ್ಸೆಲ್, ಸೆಕೆಂಡಿಗೆ 7 ಫೋಟೋ, 45 ಫೋಕಸ್ ಪಾಯಿಂಟು, ಅಂದರೆ ಚೌಕಟ್ಟಿನಲ್ಲಿ ಫೋಕಸ್ ಹಿಡಿಯಬಲ್ಲ ಜಾಗಗಳು. ಕೂತ ಹಕ್ಕಿಗೆ, ಗೂಡಿಗೆ ಕಡ್ಡಿ ತರುವ ಹಕ್ಕಿಗೆ, ನೇರವಾಗಿ ಹಾರಿ ಬರುವ ಕೊಕ್ಕರೆಗೆ ಇದು ಧಾರಾಳ ಸಾಕು. ನಿಮ್ಮ ಪತ್ರದಲ್ಲಿ ಎಲ್ಲೂ "ಇಂಥ ಫೋಟೋ ತೆಗೆಯೋಕೆ ಹೋದೆ, ಕ್ಯಾಮೆರಾ ಕೈಕೊಟ್ಟಿತು" ಅಂತ ಇಲ್ಲ ನೋಡಿ. ಪಕ್ಕದವರ ಲೆನ್ಸ್ ನೋಡಿ ಮನಸ್ಸು ಕುಗ್ಗಿತು ಅಂತ ಮಾತ್ರ ಇದೆ. ಇವೆರಡೂ ಬೇರೆ ಬೇರೆ. ಎರಡನೆಯದಕ್ಕೆ ಎಷ್ಟು ದುಡ್ಡು ಹಾಕಿದರೂ ಮುಗಿಯುವುದಿಲ್ಲ, ಯಾಕೆಂದರೆ ಮುಂದಿನ ವರ್ಷ ಅದೇ ದೋಣಿಯಲ್ಲಿ ಇನ್ನೂ ದೊಡ್ಡದನ್ನು ಹಿಡಿದವರು ಬಂದು ಕೂರುತ್ತಾರೆ.

ಒಂದು ಕೆಲಸ ಮಾಡಿ. ಹೋದ ಸಲ ರಂಗನತಿಟ್ಟಿನಲ್ಲಿ ತೆಗೆದ ಫೋಟೋಗಳಲ್ಲಿ ನಿಮಗೆ ಇಷ್ಟವಾಗದ ನೂರು ಫೋಟೋ ಆರಿಸಿ. ಅಳಿಸಬೇಡಿ. ಒಂದೊಂದನ್ನೂ ದೊಡ್ಡ ಪರದೆಯಲ್ಲಿ ತೆರೆದು, ಯಾಕೆ ಇಷ್ಟವಾಗಲಿಲ್ಲ ಅಂತ ಒಂದು ಹಾಳೆಯ ಮೇಲೆ ಪೆನ್ನಿನಲ್ಲಿ ಬರೆಯಿರಿ. ಅಲುಗಿದೆ. ಫೋಕಸ್ ಕಣ್ಣಿನ ಬದಲು ರೆಕ್ಕೆಗೆ ಬಿದ್ದಿದೆ. ಹಿಂದೆ ಕೊಂಬೆ ಅಡ್ಡ ಬಂದಿದೆ. ಬಿಸಿಲು ನೆತ್ತಿಯ ಮೇಲಿದೆ. ಹಕ್ಕಿ ತುಂಬ ಚಿಕ್ಕದಾಗಿದೆ. ಹಕ್ಕಿ ಸುಮ್ನೆ ಕೂತಿದೆ, ಏನೂ ನಡೀತಿಲ್ಲ. ಹೀಗೆ ಬರೆಯುತ್ತಾ ಹೋದರೆ ಒಂದು ಗಂಟೆಯಲ್ಲಿ ನಿಮ್ಮ ಕ್ಯಾಮೆರಾ ಬಗ್ಗೆ ನಾನು ಹೇಳಬಹುದಾದ್ದಕ್ಕಿಂತ ಜಾಸ್ತಿ ನಿಮಗೇ ಗೊತ್ತಾಗುತ್ತದೆ. ನಾನು ಪ್ರತಿ ವರ್ಷ ಮಳೆಗಾಲದಲ್ಲಿ ಕೂತು ಇದನ್ನು ಮಾಡುತ್ತೇನೆ. ಕ್ಯಾಮೆರಾದ ತಪ್ಪು ಅಂತ ಬರೆಯುವ ಸಾಲುಗಳು ಕಡಿಮೆ ಇರುತ್ತವೆ, ಆದರೆ ಇದ್ದರೆ ಅವು ನಿಜವಾದವು.

ಅಲುಗಿದ್ದೇ ಜಾಸ್ತಿ ಇದ್ದರೆ ಅದಕ್ಕೆ ಕಾರಣ ದೋಣಿ. ಕಾವೇರಿ ನೀರು ಶಾಂತವಾಗಿ ಕಂಡರೂ ದೋಣಿ ತೂಗುತ್ತಲೇ ಇರುತ್ತದೆ. ಲೆನ್ಸಿನ ಒಳಗಿನ ಸ್ಟೆಬಿಲೈಜರ್ ಕೈ ನಡುಕ ತಡೆಯುತ್ತದೆ, ಹಕ್ಕಿಯ ಚಲನೆಯನ್ನಲ್ಲ. ಶಟರ್ ಸ್ಪೀಡ್ 1/1000 ಸೆಕೆಂಡಿಗಿಂತ ನಿಧಾನ ಮಾಡಬೇಡಿ. ಅದಕ್ಕೆ ಬೇಕಾದರೆ ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 800, 1600ಕ್ಕೆ ಏರಿಸಿ. ಫೋಟೋ ಸ್ವಲ್ಪ ಕಾಳು ಕಾಳಾಗಿ ಕಾಣಿಸಿದರೂ ಪರವಾಗಿಲ್ಲ, ಅಲುಗಿದ ಫೋಟೋಗೆ ಮದ್ದಿಲ್ಲ.

ಬಿಸಿಲಿನದೇ ತೊಂದರೆ ಅಂತ ಬಂದರೆ ಬೆಳಗಿನ ಮೊದಲ ದೋಣಿಗೆ ಹೋಗಿ. ಹಕ್ಕಿ ತುಂಬ ಚಿಕ್ಕದು ಅಂತಲೇ ಹಾಳೆ ತುಂಬಿದ್ದರೆ ಆಗ ಒಪ್ಪುತ್ತೇನೆ, ನಿಮಗೆ ಏನೋ ಬೇಕು. ಆದರೆ ಅದು ಬಾಡಿ ಅಲ್ಲ, ಲೆನ್ಸು. ಎಂಎಂ ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ. 80ಡಿಯಲ್ಲಿ ಚಿತ್ರ ಹಿಡಿಯುವ ಸೆನ್ಸರ್ ಹಳೆಯ ಫಿಲ್ಮಿಗಿಂತ ಚಿಕ್ಕದು, ಹಾಗಾಗಿ ನಿಮ್ಮ 250 ಎಂಎಂ ಆ ಬಾಡಿಯ ಮೇಲೆ 400 ಎಂಎಂ ನೋಟ ಕೊಡುತ್ತದೆ. ಸಿಗ್ಮಾ, ಟ್ಯಾಮ್ರಾನ್ ಕಂಪನಿಗಳ 150-600 ಇವೆಯಲ್ಲ, ಅವನ್ನು ಇದೇ 80ಡಿಗೆ ಹಾಕಿದರೆ 960 ಎಂಎಂವರೆಗೆ ಹೋಗುತ್ತದೆ. ಕೊಳ್ಳುವ ಮೊದಲು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಎರಡು ದಿನಕ್ಕೆ ಬಾಡಿಗೆ ತಗೊಳ್ಳಿ. ಹತ್ತಿರ ಹತ್ತಿರ ಎರಡು ಕೆಜಿ ತೂಕ. ಅರ್ಧ ಗಂಟೆ ಎತ್ತಿ ಹಿಡಿದ ಮೇಲೂ ಇದು ಬೇಕು ಅನ್ನಿಸಿದರೆ ತಗೊಳ್ಳಿ.

ಇನ್ನೊಂದು ಮಾತು. ರಂಗನತಿಟ್ಟಿನಲ್ಲಿ ದೋಣಿಯವರು ಬಂಡೆಯ ಪಕ್ಕಕ್ಕೇ ಒಯ್ಯುತ್ತಾರೆ. ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ ಕಾಲದಲ್ಲಿ ಒಂದು ಮರಕ್ಕೆ ಮರವೇ ತುಂಬಿರುತ್ತದೆ, ಕೆಳಗೆ ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಮಲಗಿರುತ್ತದೆ. 600 ಎಂಎಂ ಹಿಡಿದವರಿಗೆ ಆ ಹೊತ್ತಿನಲ್ಲಿ ಒಂದು ಕೊಕ್ಕರೆಯ ತಲೆ ಸಿಗುತ್ತದೆ. ನಿಮ್ಮ 55 ಎಂಎಂ ಕೊನೆಯಲ್ಲಿ ಇಡೀ ಮರ, ನೀರು, ಮೊಸಳೆ ಎಲ್ಲ ಒಟ್ಟಿಗೆ ಸಿಗುತ್ತದೆ. ಪಕ್ಷಿತಜ್ಞ ಸಲೀಂ ಅಲಿ ಅವರು ಒತ್ತಾಯಿಸಿ 1940ರಲ್ಲಿ ಆ ನಡುಗಡ್ಡೆಗಳನ್ನು ಪಕ್ಷಿಧಾಮ ಮಾಡಿಸಿದರು. ಆ ಜಾಗ ಹೇಗಿದೆ ಅಂತ ತೋರಿಸುವ ಫೋಟೋ ನಿಮ್ಮ ಲೆನ್ಸಿನಿಂದಲೇ ಬರುತ್ತದೆ. ದಯವಿಟ್ಟು ಬ್ಯಾಗಿನಿಂದ ತೆಗೆಯಿರಿ.

ಪ್ರಶ್ನೆ: ನಮ್ಮದು ಮದುವೆ ಫೋಟೋ ಸ್ಟುಡಿಯೋ. ಕ್ಯಾನನ್ 5ಡಿ ಮಾರ್ಕ್ 3, 24-70, 70-200 ಲೆನ್ಸ್ ಇಟ್ಟುಕೊಂಡು ವರ್ಷಗಟ್ಟಲೆ ಕೆಲಸ ಮಾಡಿದ್ದೇವೆ. ನಮಗೆ ಪೂರ್ತಿ ತೃಪ್ತಿ ಇದೆ ಸರ್. ಆದರೆ ಈಗ ಬುಕ್ಕಿಂಗ್‌ಗೆ ಬಂದವರು ಮೊದಲು ಕೇಳುವುದೇ "ಮಿರರ್‌ಲೆಸ್ ಇದೆಯಾ, 4ಕೆ ವಿಡಿಯೋ ಇದೆಯಾ" ಅಂತ. ಇಲ್ಲ ಅಂದರೆ ಎದ್ದು ಹೋಗುತ್ತಾರೆ. ಏನು ಮಾಡೋಣ?
— ಸ್ಟುಡಿಯೋ ಮಾಲೀಕರು, ಹಾವೇರಿ

ಉತ್ತರ: ನೀವು ಬದಲಿಸಬೇಕು ಅಂತ ನನಗೆ ಅನ್ನಿಸುತ್ತದೆ. ಮೊದಲು ಬರೆದವರಿಗೆ ಬೇಡ ಅಂದು ನಿಮಗೆ ಬೇಕು ಅನ್ನುತ್ತಿದ್ದೇನೆ. ನಿಮ್ಮ ಕ್ಯಾಮೆರಾ ಅವರದಕ್ಕಿಂತ ಕಡಿಮೆ ಅಂತ ಅಲ್ಲ. ನಿಮ್ಮ ಕೆಲಸದಲ್ಲಿ ತೃಪ್ತಿ ನಿಮ್ಮೊಬ್ಬರದೇ ಅಲ್ಲ, ಕೆಲಸ ಕೊಡುವವರದ್ದೂ ಸೇರಿಕೊಂಡಿದೆ.

ಫೋಟೋ ಮಟ್ಟಿಗೆ 5ಡಿ ಮಾರ್ಕ್ 3 ಇವತ್ತಿಗೂ ಸಾಕು. 2012ರ ಕ್ಯಾಮೆರಾ, 22 ಮೆಗಾಪಿಕ್ಸೆಲ್. ನೀವು ಕೊಡುವ 12-36 ಆಲ್ಬಂ ಎರಡು ಪುಟ ಬಿಡಿಸಿದರೆ 36 ಇಂಚು ಅಗಲ, ಒಂದು ಪುಟ ಅಂದರೆ 12 ಇಂಚಿಗೆ 18 ಇಂಚು. ಇಂಚಿಗೆ 300 ಚುಕ್ಕೆ ಲೆಕ್ಕ ಹಾಕಿದರೂ 3600ಕ್ಕೆ 5400 ಪಿಕ್ಸೆಲ್ ಆಯಿತು. ನಿಮ್ಮ ಕ್ಯಾಮೆರಾ ಕೊಡುವುದು 3840ಕ್ಕೆ 5760. ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ಎರಡು ಕಾರ್ಡ್ ಹಾಕುವ ವ್ಯವಸ್ಥೆಯೂ ಇದೆ. ಎರಡರಲ್ಲೂ ಒಟ್ಟಿಗೆ ಬರೆಯುವ ಹಾಗೆ ಇಟ್ಟುಕೊಂಡಿದ್ದೀರಿ ಅಂದುಕೊಳ್ಳುತ್ತೇನೆ. ಇಟ್ಟುಕೊಂಡಿಲ್ಲದಿದ್ದರೆ ಇವತ್ತೇ ಮಾಡಿ, ಧಾರೆ ಎರೆಯುವುದು ಇನ್ನೊಂದು ಸಲ ಬರುವುದಿಲ್ಲ.

ವಿಡಿಯೋದಲ್ಲಿ ಮಾತ್ರ ಅದರ ಕೈ ಕಟ್ಟಿದೆ. ಫುಲ್ ಎಚ್‌ಡಿ ಅಷ್ಟೇ, 4ಕೆ ಇಲ್ಲ. ಆಮೇಲೆ ಫೋಕಸ್. 61 ಪಾಯಿಂಟುಗಳಿದ್ದರೂ ಎಲ್ಲ ನಡುವೆ ಗುಂಪಾಗಿವೆ. ಅಂತರಪಟ ಸರಿದ ಕೂಡಲೇ ಮದುಮಗಳು ತಲೆ ಎತ್ತಿ ನೋಡುತ್ತಾಳೆ, ಮುಂದೆ ಹತ್ತು ಕೈಗಳು ಅಕ್ಷತೆ ಎರಚುತ್ತಿರುತ್ತವೆ. ಆ ಗಳಿಗೆಯಲ್ಲಿ ಕಣ್ಣನ್ನು ತಾನಾಗಿ ಹುಡುಕಿ ಹಿಡಿಯುವ ಮಿರರ್‌ಲೆಸ್ ಕ್ಯಾಮೆರಾ ನಿಜಕ್ಕೂ ನೆರವಾಗುತ್ತದೆ.

ಒಳ್ಳೆಯ ಸುದ್ದಿ ಏನೆಂದರೆ ನೀವು ಎಲ್ಲವನ್ನೂ ಮಾರಬೇಕಾಗಿಲ್ಲ. ಕ್ಯಾನನ್ ಇಎಫ್ ಮೌಂಟ್, ಅಂದರೆ ಲೆನ್ಸ್ ಕೂರುವ ಬಾಯಿ, ತಂದದ್ದು 1987ರಲ್ಲಿ. 2018ರಲ್ಲಿ ಮಿರರ್‌ಲೆಸ್ ಆರ್ಎಫ್ ಮೌಂಟ್ ತಂದಾಗ ಹಳೆಯ ಇಎಫ್ ಲೆನ್ಸುಗಳಿಗೆ ಅಡಾಪ್ಟರ್ ಕೊಟ್ಟಿತು. ನಡುವೆ ಗಾಜು ಇಲ್ಲದ ಅಡಾಪ್ಟರ್ ಅದು, ಚಿತ್ರದ ಗುಣ ಕೆಡುವುದಿಲ್ಲ, ಆಟೋಫೋಕಸ್ಸೂ ಚೆನ್ನಾಗಿ ನಡೆಯುತ್ತದೆ. ನಿಮ್ಮ 24-70, 70-200 ಎರಡೂ ಉಳಿಯುತ್ತವೆ. ಆರ್6 ಥರದ ಬಾಡಿ ಆದರೆ ನಿಮ್ಮ ಎಲ್‌ಪಿ-ಇ6 ಬ್ಯಾಟರಿಗಳೂ ಹಾಕಬಹುದು. ಹಾಗಾಗಿ ಒಂದು ಬಾಡಿ, ಒಂದು ಅಡಾಪ್ಟರ್, ಅಷ್ಟೇ. ಮಾರ್ಕ್ 3 ಮಾರಬೇಡಿ. ಈಗ ಸಿಗುವ ಬೆಲೆಗೆ ಅದನ್ನು ಕೊಡುವುದಕ್ಕಿಂತ ಎರಡನೇ ಕ್ಯಾಮೆರಾ ಆಗಿ ಹೆಗಲಲ್ಲಿ ಇರಲಿ.

ಮದುವೆ ಸೀಸನ್ ಶುರುವಾಗುವ ಹಿಂದಿನ ದಿನ ಮಾತ್ರ ಹೊಸ ಕ್ಯಾಮೆರಾ ತರಬೇಡಿ. ಆಷಾಢದಲ್ಲಿ ತನ್ನಿ. ಆ ಒಂದು ತಿಂಗಳು ಮನೆಯವರನ್ನೇ ತೆಗೆಯಿರಿ, ಕತ್ತಲ ಕೋಣೆಯಲ್ಲಿ ತೆಗೆಯಿರಿ, ಬಟನ್ನುಗಳು ಕಣ್ಣು ಮುಚ್ಚಿದರೂ ಬೆರಳಿಗೆ ಸಿಗುವ ಹಾಗಾಗಲಿ.

ಪ್ರಶ್ನೆ: ನಿವೃತ್ತ ಮೇಷ್ಟ್ರು ನಾನು. 2008ರ ನಿಕಾನ್ ಡಿ700 ಈಗಲೂ ಬಳಸುತ್ತೇನೆ. ಬರೀ 12 ಮೆಗಾಪಿಕ್ಸೆಲ್ ಅಂತ ಮೊಮ್ಮಗ ಆಡಿಕೊಳ್ಳುತ್ತಾನೆ. ಅವನ ಫೋನೇ 50 ಅಂತೆ. ನಾನು ಹಿಂದುಳಿದಿದ್ದೇನಾ?
— ಓದುಗರು, ಶಿರಸಿ

ಉತ್ತರ: ಇಲ್ಲ ಮೇಷ್ಟ್ರೇ. ಫುಲ್ ಎಚ್‌ಡಿ ಟಿವಿ ತೋರಿಸುವುದು 2 ಮೆಗಾಪಿಕ್ಸೆಲ್, 4ಕೆ ಟಿವಿ ತೋರಿಸುವುದು ಸುಮಾರು 8. ನಿಮ್ಮ 12ನ್ನು ಪೂರ್ತಿ ತೋರಿಸುವ ಟಿವಿ ಹೆಚ್ಚಿನ ಮನೆಗಳಲ್ಲಿ ಇಲ್ಲ. ಪ್ರಿಂಟ್ ಹಾಕಿಸಿದರೂ ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಸುಮಾರು 14 ಇಂಚಿಗೆ 9 ಇಂಚು ಬರುತ್ತದೆ, ಗೋಡೆಗೆ ಹಾಕುವ ದೊಡ್ಡ ಚಿತ್ರವನ್ನು ದೂರದಿಂದ ನೋಡುವುದರಿಂದ ಇನ್ನೂ ದೊಡ್ಡದು ಮಾಡಿಸಬಹುದು. ಡಿ700ರ ಸೆನ್ಸರ್ ಹಳೆಯ 35 ಎಂಎಂ ಫಿಲ್ಮಿನ ಅಳತೆಯದು, ಫೋನಿನ ಸೆನ್ಸರ್ ಉಗುರಿನಷ್ಟು. ಮೊಮ್ಮಗನ ಜೊತೆ ಒಂದು ಸಂಜೆ, ದೀಪ ಹಚ್ಚಿದ ಮೇಲೆ, ಇಬ್ಬರೂ ಅಜ್ಜಿಯ ಫೋಟೋ ತೆಗೆಯಿರಿ. ಎರಡನ್ನೂ ಪ್ರಿಂಟ್ ಹಾಕಿಸಿ ಪಕ್ಕಪಕ್ಕ ಇಟ್ಟು ನೋಡಲಿ. ಅವನಿಗೆ ಕ್ಯಾಮೆರಾ ಹಿಡಿಯುವ ಆಸೆ ಹುಟ್ಟಿದರೂ ಹುಟ್ಟಬಹುದು.

ಪ್ರಶ್ನೆ: ಸರ್, ನಾನು ನಿಕಾನ್ ಡಿ5300 ಇಟ್ಟುಕೊಂಡಿದ್ದೇನೆ. ಮೊದಮೊದಲು ಫೋಟೋಗಳು ಎಷ್ಟು ಚೆನ್ನಾಗಿ ಬರುತ್ತಿದ್ದವು. ಎರಡು ಮೂರು ವರ್ಷದಿಂದ ಎಲ್ಲ ಮಂಕು. ಬೆಳಕಿಗೆ ಎದುರಾಗಿ ತೆಗೆದರಂತೂ ಬಿಳಿ ಪೊರೆ ಕಟ್ಟಿದ ಹಾಗೆ. ಕ್ಯಾಮೆರಾಗೆ ವಯಸ್ಸಾಯಿತು ಅಂತ ಕಾಣುತ್ತದೆ. ಯಾವುದು ತಗೊಂಡರೆ ಒಳ್ಳೆಯದು?
— ಓದುಗರು, ತೀರ್ಥಹಳ್ಳಿ

ಉತ್ತರ: ನಿಮ್ಮ ಊರಿನ ಹೆಸರು ನೋಡಿದ ಕೂಡಲೇ ನನಗೆ ಬೇರೆಯೇ ಅನುಮಾನ ಬಂತು. ಸೆನ್ಸರ್ ವಯಸ್ಸಾಗಿ ಹೀಗೆ ಮಂಕಾಗುವುದಿಲ್ಲ. ಲೆನ್ಸ್ ಬಿಚ್ಚಿ, ಎರಡೂ ಕಡೆಯ ಮುಚ್ಚಳ ತೆಗೆದು, ಕತ್ತಲೆಯಲ್ಲಿ ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಒಳಗಿನ ಗಾಜಿನ ಮೇಲೆ ಜೇಡರ ಬಲೆಯ ಥರ ಎಳೆಗಳು ಕಂಡರೆ ಅದು ಫಂಗಸ್. ನಮ್ಮ ಮಲೆನಾಡಿನ ಬೂಷ್ಟು.

ನನಗೂ ಇದು ಆಗಿದೆ. ಸಾಗರದಲ್ಲಿದ್ದಾಗ ಒಂದು ಮಳೆಗಾಲ ಪೂರ್ತಿ ಮದುವೆ ಕೆಲಸ ಇರಲಿಲ್ಲ ಅಂತ ಇದ್ದ ಒಳ್ಳೆಯ ಲೆನ್ಸನ್ನು ಚರ್ಮದ ಚೀಲದಲ್ಲಿ ಹಾಕಿ ಬಟ್ಟೆ ಬೀರುವಿನಲ್ಲಿ ಇಟ್ಟಿದ್ದೆ. ಜೋಪಾನ ಮಾಡಿದೆ ಅಂತಲೇ ನನ್ನ ನಂಬಿಕೆ. ಚರ್ಮ ತೇವ ಹೀರಿಕೊಂಡು ಕೂತಿತ್ತು. ನವರಾತ್ರಿಗೆ ತೆಗೆದರೆ ಮುಂದಿನ ಗಾಜಿನ ಒಳಗೆ ಬೇರು ಬಿಟ್ಟ ಹಾಗೆ ಎಳೆಗಳು. ರಿಪೇರಿಗೆ ಕೊಟ್ಟೆ. ಬಿಚ್ಚಿ ಒರೆಸಿ ಕೊಟ್ಟರು. ಆದರೆ ಫಂಗಸ್ ಗಾಜಿನ ಮೇಲಿನ ಲೇಪವನ್ನು ತಿಂದುಬಿಟ್ಟಿತ್ತು, ಅದರ ಕಲೆ ಹಾಗೇ ಉಳಿಯಿತು. ದೀಪದ ಎದುರು ತೆಗೆದ ಫೋಟೋ ಯಾವತ್ತೂ ಮೊದಲಿನ ಹಾಗೆ ಬರಲಿಲ್ಲ. ಆ ಲೆನ್ಸ್ ಕೊಳ್ಳೋಕೆ ಎರಡು ಸೀಸನ್ ದುಡಿದಿದ್ದೆ. ಇವತ್ತಿಗೂ ನೆನೆದರೆ ಸಂಕಟ ಆಗುತ್ತದೆ, ಅದಕ್ಕೇ ಇಷ್ಟು ಉದ್ದ ಹೇಳುತ್ತಿದ್ದೇನೆ.

ಗಾಳಿಯಾಡದ ಹಾಗೆ ಮುಚ್ಚುವ ದೊಡ್ಡ ಪ್ಲಾಸ್ಟಿಕ್ ಡಬ್ಬಿ ತನ್ನಿ, ರಬ್ಬರ್ ಅಂಚು ಇರುವಂಥದ್ದು. ಒಳಗೆ ಸಿಲಿಕಾ ಜೆಲ್ ಹಾಕಿ, ಪಕ್ಕದಲ್ಲಿ ತೇವ ಅಳೆಯುವ ಚಿಕ್ಕ ಮೀಟರ್ ಇಡಿ. ಅದು 40ರಿಂದ 50 ಪರ್ಸೆಂಟ್ ತೋರಿಸುತ್ತಿರಲಿ. ತೀರಾ ಒಣಗಿಸುವುದೂ ಒಳ್ಳೆಯದಲ್ಲ, ಒಳಗಿನ ರಬ್ಬರು ಎಣ್ಣೆ ಕೆಡುತ್ತದೆ. ನೀಲಿ ಜೆಲ್ ಗುಲಾಬಿಗೆ ತಿರುಗಿದರೆ ತೇವ ತುಂಬಿದೆ ಎಂದು ಅರ್ಥ, ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಅದಕ್ಕೆ ಅಡುಗೆ ಪಾತ್ರೆ ಬೇಡ, ಹಳೆಯ ಬಾಣಲೆಯೊಂದನ್ನು ಬೇರೆಯೇ ಇಟ್ಟುಕೊಳ್ಳಿ. ಕರೆಂಟಿನ ಡ್ರೈ ಕ್ಯಾಬಿನೆಟ್ ಸಿಗುತ್ತದೆ, ದುಡ್ಡಿದ್ದರೆ ಅದೇ ಒಳ್ಳೆಯದು. ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿರುತ್ತದೆ ಅಂತ ಕೆಲವರು ಅಲ್ಲಿಡುತ್ತಾರೆ. ಬೇಡ, ಹೊಗೆಯ ಜಿಡ್ಡು ಹಿಡಿಯುತ್ತದೆ.

ಎಲ್ಲಕ್ಕಿಂತ ಮುಖ್ಯ, ಮಳೆಗಾಲದಲ್ಲೂ ವಾರಕ್ಕೊಮ್ಮೆ ಕ್ಯಾಮೆರಾ ತೆಗೆದು ಬಳಸಿ. ನಿಮ್ಮ ಕಡೆ ಜುಲೈ ತಿಂಗಳಿಗಿಂತ ಚೆಂದದ ತಿಂಗಳು ಯಾವುದಿದೆ ಹೇಳಿ.

ಫಂಗಸ್ ಸ್ವಲ್ಪವೇ ಇದ್ದರೆ ಸ್ವಚ್ಛ ಮಾಡಿಸಿ. ತುಂಬ ಇದ್ದರೆ ಲೆನ್ಸ್ ಮಾತ್ರ ಬದಲಿಸಿ, ಹಳೆಯದನ್ನು ಒಳ್ಳೆಯ ಲೆನ್ಸುಗಳ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ. ಡಿ5300 ಅಲ್ಲೇ ಇರಲಿ.

ಪ್ರಶ್ನೆ: ಅಣ್ಣಾ, ನನ್ನ ಹತ್ತಿರ ಕ್ಯಾಮೆರಾನೇ ಇಲ್ಲ, ಫೋನ್ ಮಾತ್ರ. ಡಿಗ್ರಿ ಓದುತ್ತಿದ್ದೇನೆ. ಫೋನಿನಲ್ಲಿ ತೆಗೆಯುವವರನ್ನು ಫೋಟೋಗ್ರಾಫರ್ ಅನ್ನುವುದಿಲ್ಲ ಅಂತ ಗೆಳೆಯರು ಹೇಳುತ್ತಾರೆ. ಟ್ಯೂಷನ್ ಹೇಳಿ ಸ್ವಲ್ಪ ದುಡ್ಡು ಕೂಡಿಸಿದ್ದೇನೆ. ಹಳೆಯ ಕ್ಯಾಮೆರಾ ತಗೊಳ್ಳಬಹುದಾ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ಫೋಟೋ ತೆಗೆಯುವವರೆಲ್ಲ ಫೋಟೋಗ್ರಾಫರೇ ತಂಗಿ, ಆ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹಳೆಯ ಕ್ಯಾಮೆರಾ ಖಂಡಿತ ತಗೋ. ಎಲ್ಲರೂ ಮಿರರ್‌ಲೆಸ್ ಕಡೆ ಹೋಗುತ್ತಿರುವುದರಿಂದ ಒಳಗೆ ಕನ್ನಡಿ ಇರುವ ಹಳೆಯ ಥರದ ಒಳ್ಳೊಳ್ಳೆಯ ಡಿಎಸ್ಎಲ್ಆರ್‌ಗಳು ಕಡಿಮೆ ಬೆಲೆಗೆ ಬರುತ್ತಿವೆ. ನನ್ನನ್ನು ಕೇಳಿದರೆ 2010ರ ನಿಕಾನ್ ಡಿ7000 ಹುಡುಕು, ಜೊತೆಗೆ 50 ಎಂಎಂ ಎಫ್ 1.8 ಲೆನ್ಸ್. ಬೇರೆ ಏನೂ ಬೇಡ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಜಾಸ್ತಿ. ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸನ್ನು ಎಳೆದಾಗ ಎಫ್ 5.6 ಆಗುತ್ತದಲ್ಲ, ಅದಕ್ಕಿಂತ ಇದು ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಹಾಸ್ಟೆಲ್ ರೂಮಿನ ಒಂದು ಬಲ್ಬಿನ ಬೆಳಕಿನಲ್ಲೂ ಗೆಳತಿಯ ಮುಖ ತೆಗೆಯಬಹುದು.

ಡಿ7000ನೇ ಯಾಕೆ ಅಂದರೆ ಅದರ ಬಾಡಿಯೊಳಗೇ ಫೋಕಸ್ ಮೋಟಾರ್ ಇದೆ. ತಮ್ಮೊಳಗೆ ಮೋಟಾರ್ ಇಲ್ಲದ ನಿಕಾನಿನ ಹಳೆಯ ಎಎಫ್-ಡಿ ಲೆನ್ಸುಗಳು ಅಗ್ಗಕ್ಕೆ ಸಿಗುತ್ತವೆ, ಇದರಲ್ಲಿ ಅವು ಆಟೋಫೋಕಸ್ ಆಗುತ್ತವೆ. ಡಿ3000, ಡಿ5000 ಸಾಲಿನ ಕ್ಯಾಮೆರಾಗಳಲ್ಲಿ ಆಗುವುದಿಲ್ಲ. ಇದು ಗೊತ್ತಿಲ್ಲದೆ ತಗೊಂಡು ಪೇಚಾಡಿದವರನ್ನು ನೋಡಿದ್ದೇನೆ.

ಕೊಳ್ಳುವಾಗ ಕ್ಯಾಮೆರಾ ಕೈಯಲ್ಲಿ ಹಿಡಿದು ನೋಡದೆ ದುಡ್ಡು ಕೊಡಬೇಡ. ಒಂದು ಫೋಟೋ ತೆಗೆ. ನಿಕಾನ್ ಫೈಲಿನ ಒಳಗೇ ಇದುವರೆಗೆ ಎಷ್ಟು ಸಲ ಶಟರ್ ಬಿದ್ದಿದೆ ಎಂಬ ಲೆಕ್ಕ ಇರುತ್ತದೆ, ಅದನ್ನು ತೋರಿಸುವ ಉಚಿತ ತಾಣಗಳಿವೆ. ಡಿ7000ರ ಶಟರನ್ನು ಒಂದೂವರೆ ಲಕ್ಷ ಸಲಕ್ಕೆ ಪರೀಕ್ಷಿಸಿದ್ದಾರೆ. ಐವತ್ತು ಸಾವಿರದೊಳಗಿದ್ದರೆ ಚಿಂತೆ ಇಲ್ಲ. ಆಮೇಲೆ ಎಫ್ 16ರಲ್ಲಿ ಬರಿಯ ಆಕಾಶದ ಫೋಟೋ ತೆಗೆದು ನೋಡು, ಸೆನ್ಸರ್ ಮೇಲಿನ ಧೂಳು ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಧೂಳನ್ನು ಒರೆಸಬಹುದು, ಗೀರನ್ನಲ್ಲ. ಬಿಲ್ಲು ಇದ್ದರೆ ಕೇಳಿ ಪಡೆ.

ಹೆನ್ರಿ ಕಾರ್ಟಿಯೆ ಬ್ರೆಸಾನ್ ಅಂತ ಫ್ರಾನ್ಸಿನ ದೊಡ್ಡ ಫೋಟೋಗ್ರಾಫರ್ ಇದ್ದರು. ಜೀವನದ ಹೆಚ್ಚಿನ ಕೆಲಸವನ್ನು ಚಿಕ್ಕ ಲೈಕಾ ಕ್ಯಾಮೆರಾ, 50 ಎಂಎಂ ಲೆನ್ಸ್ ಇವೆರಡರಲ್ಲೇ ಮಾಡಿದರು. ನಿನ್ನ ಕ್ಯಾಮೆರಾದ ಮೇಲೆ ಆ 50 ಸ್ವಲ್ಪ ಬಿಗಿಯಾಗಿ, 75ರ ಹಾಗೆ ಕಾಣುತ್ತದೆ. ಇಡೀ ಸುಭಾಸ ರೋಡು ಹಿಡಿಯಲಾಗುವುದಿಲ್ಲ, ಆದರೆ ಅಲ್ಲಿ ಕೂತು ಮಾರುವ ಒಬ್ಬ ಅಜ್ಜಿಯ ಮುಖ, ಕೈ, ಬುಟ್ಟಿ ಚೆನ್ನಾಗಿ ಹಿಡಿಯಬಹುದು. ಫೋಟೋ ತೆಗೆಯುವ ಮೊದಲು ಅವರನ್ನು ಕೇಳು, ಮಾತಾಡಿಸು.

ಪ್ರಶ್ನೆ: ನಾನು ಫೋಟೋ ತೆಗೆಯುವವಳಲ್ಲ, ನಮ್ಮ ಯಜಮಾನರು ತೆಗೆಯುತ್ತಾರೆ. ಅವರು ಪ್ರೈಮರಿ ಶಾಲೆಯಲ್ಲಿ ಟೀಚರ್. ಪ್ರತಿ ಸಲ "ಇದೊಂದು ಬಂದರೆ ಸಾಕು" ಅನ್ನುತ್ತಾರೆ. ಮೂರು ಲೆನ್ಸ್ ಆಯಿತು, ಎರಡು ಬಾಡಿ ಆಯಿತು. ಈಗ ಇನ್ನೊಂದಕ್ಕೆ ಸೊಸೈಟಿಯಲ್ಲಿ ಸಾಲ ಮಾಡುತ್ತಾರಂತೆ. ಅವರ ಖುಷಿಗೆ ಅಡ್ಡ ಬರೋಕೆ ಇಷ್ಟ ಇಲ್ಲ. ಆದರೆ ಭಯ ಆಗುತ್ತದೆ.
— ಓದುಗರು, ತುಮಕೂರು

ಉತ್ತರ: ಅಕ್ಕಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಭಯ ಪಡುವುದರಲ್ಲಿ ತಪ್ಪಿಲ್ಲ. ಹವ್ಯಾಸಕ್ಕೆ ಸಾಲ ಮಾಡಬಾರದು. ಕೆಲಸ ತಂದುಕೊಡುವ ಕ್ಯಾಮೆರಾಗೆ ಸಾಲ ಮಾಡಿದರೆ ಅದು ದುಡಿದು ತೀರಿಸುತ್ತದೆ, ಇದು ತೀರಿಸುವುದಿಲ್ಲ.

ಆದರೆ ಅವರನ್ನು "ಎಷ್ಟು ದುಡ್ಡು ಸುರಿದಿರಿ" ಅಂತ ಕೇಳಬೇಡಿ, ಕೇಳಿದರೆ ಮುಂದಿನ ಲೆನ್ಸ್ ಕದ್ದು ಮನೆಗೆ ಬರುತ್ತದೆ. ಹೋದ ವರ್ಷ ತೆಗೆದದ್ದರಲ್ಲಿ ಹನ್ನೆರಡು ಒಳ್ಳೆಯ ಫೋಟೋ ಆರಿಸಿಕೊಡಿ ಅಂತ ಕೇಳಿ. ಪ್ರಿಂಟ್ ಹಾಕಿಸಿ ಮನೆಯಲ್ಲಿ ಇಡಿ. ಆ ಹನ್ನೆರಡನ್ನು ಯಾವ ಲೆನ್ಸಿನಲ್ಲಿ ತೆಗೆದದ್ದು ಅಂತ ಅವರನ್ನೇ ಕೇಳಿ, ಫೈಲಿನಲ್ಲಿ ಇರುತ್ತದೆ. ಬಹುಶಃ ಒಂದೋ ಎರಡೋ ಲೆನ್ಸಿನ ಹೆಸರೇ ಮತ್ತೆ ಮತ್ತೆ ಬರುತ್ತದೆ. ಉಳಿದದ್ದನ್ನು ಮಾರಿದ ದುಡ್ಡಿನಲ್ಲಿ ಹೊಸದು ಬರುವುದಾದರೆ ಬರಲಿ, ಸಾಲದಲ್ಲಿ ಬೇಡ ಅಂತ ಒಂದು ಒಪ್ಪಂದಕ್ಕೆ ಬನ್ನಿ.

ನಿಮ್ಮ ಮನೆಯ ಮೇಷ್ಟ್ರಿಗೆ ನನ್ನದೊಂದು ಮಾತು ತಲುಪಿಸಿ. ಅವರ ಶಾಲೆಯ ಮಕ್ಕಳಿದ್ದಾರಲ್ಲ, ಬೆಳಗಿನ ಪ್ರಾರ್ಥನೆ, ಬಿಸಿಯೂಟದ ಸಾಲು, ಮಳೆ ಬಂದಾಗ ಜಗಲಿಗೆ ಓಡಿ ಬರುವುದು. ಊರಿಗೆ ಬರುವ ಯಾವ ಫೋಟೋಗ್ರಾಫರಿಗೂ ಸಿಗದ ಅವಕಾಶ ಅದು. ಮನೆಯವರ ಒಪ್ಪಿಗೆ ಪಡೆದು ಒಂದು ವರ್ಷ ಅದನ್ನೇ ತೆಗೆಯಲಿ. ಅದಕ್ಕೆ ಇರುವ ಲೆನ್ಸ್ ಜಾಸ್ತಿಯೇ ಆಯಿತು.

ಪ್ರಶ್ನೆ: ಎಲ್ಲರಿಗೂ ಬುದ್ಧಿ ಹೇಳುತ್ತೀರಿ. ನಿಮ್ಮ ಕ್ಯಾಮೆರಾ ಯಾವುದು? ನಿಮಗೆ ತೃಪ್ತಿ ಇದೆಯಾ? ನಿಜ ಹೇಳಿ.
— ಓದುಗರು, ಕುಂದಾಪುರ

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ನನ್ನದು ನಿಕಾನ್ ಡಿ750. 2014ರಲ್ಲಿ ಬಂದ ಮಾದರಿ, ನಾನು ಮರುವರ್ಷ ತಗೊಂಡೆ. ಜೊತೆಗೆ 24-120, ಒಂದು 50, ಒಂದು 85. ಹೆಚ್ಚಾಗಿ ತೆಗೆಯುವುದು ನಿಮ್ಮ ಕಡೆಯ ಯಕ್ಷಗಾನ, ರಾತ್ರಿ ಬಯಲಾಟ. ನೂರಕ್ಕೆ ತೊಂಬತ್ತರಷ್ಟು ತೃಪ್ತಿ ಇದೆ. ಐಎಸ್ಒ 3200, ಎಫ್ 2, 1/320. ರಂಗದ ಬೆಳಕಿಗೆ ಈ ಲೆಕ್ಕ ನನ್ನ ಬೆರಳಿಗೇ ಗೊತ್ತಿದೆ. ಕಿರೀಟದ ಮಿಂಚು ಬೆಳ್ಳಗೆ ಸುಟ್ಟುಹೋಗದ ಹಾಗೆ ಎಷ್ಟು ಕಡಿಮೆ ಮಾಡಬೇಕು, ಮುಖದ ಬಣ್ಣ ಆಮೇಲೆ ಎಷ್ಟು ಎತ್ತಬಹುದು ಎಲ್ಲ ಗೊತ್ತು. ಇದು ಕ್ಯಾಮೆರಾದ ಜೊತೆ ವರ್ಷಗಟ್ಟಲೆ ರಾತ್ರಿ ನಿದ್ದೆಗೆಟ್ಟು ಸಿಕ್ಕಿದ್ದು, ಹೊಸದು ತಂದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಉಳಿದ ಹತ್ತನ್ನೂ ಹೇಳುತ್ತೇನೆ. 51 ಫೋಕಸ್ ಪಾಯಿಂಟುಗಳಿವೆ, ಎಲ್ಲ ನಡುವಿನಲ್ಲೇ. ವೇಷಧಾರಿ ದಿಗಿಣ ಹೊಡೆಯುತ್ತಾ, ಅಂದರೆ ಹಾರಿ ಹಾರಿ ಸುತ್ತುತ್ತಾ, ರಂಗದ ಅಂಚಿಗೆ ಹೋದರೆ ಅಲ್ಲಿ ಹಿಡಿಯಲು ಪಾಯಿಂಟೇ ಇಲ್ಲ. ಮಳೆಗಾಲದಲ್ಲಿ ನಾನು ಬರೆಯುವ ಹಾಳೆಯಲ್ಲಿ ಈ ಸಾಲು ಪ್ರತಿ ವರ್ಷ ಬರುತ್ತದೆ.

ಇನ್ನೊಂದು ಕೊರತೆ ಶಟರಿನ ಸದ್ದು. ಒಂದು ರಾತ್ರಿ ಕರುಣ ರಸದ ಪ್ರಸಂಗ. ಚಂಡೆ ನಿಂತಿತ್ತು, ಭಾಗವತರು ಸ್ವರ ಇಳಿಸಿ ತೀರಾ ಮೆಲ್ಲಗೆ ಹಾಡುತ್ತಿದ್ದರು. ಸಾವಿರ ಜನ ಕೂತ ಬಯಲಲ್ಲಿ ಒಂದು ಕೆಮ್ಮೂ ಇಲ್ಲ. ನಾನು ಮುಂದಿನ ಸಾಲಿನಲ್ಲಿ ಮೂರು ಸಲ ಶಟರ್ ಒತ್ತಿದೆ. ಟಕ್, ಟಕ್, ಟಕ್. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ತಿರುಗಿ ನನ್ನ ಕಡೆ ನೋಡಿದರು, ಏನೂ ಅನ್ನಲಿಲ್ಲ. ಆಮೇಲೆ ಆ ದೃಶ್ಯ ಮುಗಿಯುವವರೆಗೆ ನಾನು ಕ್ಯಾಮೆರಾ ಎತ್ತಲಿಲ್ಲ. ಅವರ ರಾತ್ರಿಯನ್ನು ಕೆಡಿಸಿ ತೆಗೆದ ಫೋಟೋ ನನಗೆ ಬೇಡ.

ಆ ಕಾರಣಕ್ಕೆ ಹೋದ ತಿರುಗಾಟದಲ್ಲಿ, ಅಂದರೆ ಮೇಳಗಳು ಊರೂರು ಸುತ್ತಿ ಆಟ ಆಡುವ ಕಾಲದಲ್ಲಿ, ಗೆಳೆಯರೊಬ್ಬರ ಮಿರರ್‌ಲೆಸ್ ಎರವಲು ತಗೊಂಡು ಒಂದು ರಾತ್ರಿ ತೆಗೆದೆ. ಅಂಚಿಗೆ ಹೋದ ವೇಷವನ್ನೂ ಅದು ಬಿಡದೆ ಹಿಡಿಯಿತು, ನೋಡಿ ಆಸೆಯಾಯಿತು. ಆದರೆ ಸದ್ದಿಲ್ಲದ ಶಟರ್ ಹಾಕಿ ತೆಗೆದ ಫೋಟೋಗಳ ಮೇಲೆಲ್ಲ ಅಡ್ಡಡ್ಡ ಪಟ್ಟೆಗಳು. ಈಗ ರಂಗಕ್ಕೆ ಎಲ್ಇಡಿ ದೀಪ ಹಾಕುತ್ತಾರಲ್ಲ, ಅವು ಕಣ್ಣಿಗೆ ಕಾಣದ ಹಾಗೆ ಮಿಣುಕುತ್ತಿರುತ್ತವೆ. ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಆ ಮಿಣುಕು ಪಟ್ಟೆಯಾಗಿ ಬೀಳುತ್ತದೆ. ಶಟರ್ ಸ್ಪೀಡನ್ನು 1/100ಕ್ಕೆ ಇಳಿಸಿದರೆ ಪಟ್ಟೆ ಹೋಯಿತು, ಆದರೆ ಕುಣಿಯುವ ಕಾಲು ಅಲುಗಿತು. ಕೊನೆಗೆ ಮಾಮೂಲಿ ಶಟರ್‌ಗೇ ಬಂದೆ, ಮತ್ತೆ ಅದೇ ಸದ್ದು. ನನಗೆ ಯಾವುದಕ್ಕೆ ಹೊಸ ಕ್ಯಾಮೆರಾ ಬೇಕಿತ್ತೋ ಅದನ್ನೇ ಆ ಕ್ಯಾಮೆರಾ ನಮ್ಮ ರಂಗದ ಬೆಳಕಿನಲ್ಲಿ ಮಾಡಲಿಲ್ಲ. ಪಟ್ಟೆ ಅಷ್ಟಾಗಿ ಬೀಳದ ಹಾಗೆ ಸೆನ್ಸರನ್ನು ತುಂಬ ಬೇಗ ಓದುವ ಕ್ಯಾಮೆರಾಗಳು ಬಂದಿವೆ. 2021ರ ನಿಕಾನ್ ಝಡ್9ರಲ್ಲಂತೂ ಮೆಕ್ಯಾನಿಕಲ್ ಶಟರ್ರೇ ಇಲ್ಲ. ಅದರ ಬೆಲೆ ನನ್ನ ಕೈಗೆ ಎಟುಕುವುದಿಲ್ಲ, ಆ ತಂತ್ರ ಕಡಿಮೆ ಬೆಲೆಯ ಕ್ಯಾಮೆರಾಗಳಿಗೆ ಇಳಿಯುವವರೆಗೆ ಕಾಯುತ್ತೇನೆ. ಪ್ರತಿ ತಿಂಗಳು ಸ್ವಲ್ಪ ಎತ್ತಿಡುತ್ತಿದ್ದೇನೆ.

ಅಲ್ಲಿಯವರೆಗೆ ನನಗೆ ಒಂದು ದಾರಿ ಸಿಕ್ಕಿದೆ. ಆಟ ಶುರುವಾಗುವ ಎರಡು ಗಂಟೆ ಮೊದಲೇ ಹೋಗಿ ಚೌಕಿಯಲ್ಲಿ, ಅಂದರೆ ಕಲಾವಿದರು ವೇಷ ಕಟ್ಟುವ ಜಾಗದಲ್ಲಿ, ಕೂರುತ್ತೇನೆ. ಅಲ್ಲಿ ಮಾತು, ನಗು, ಪೆಟ್ಟಿಗೆ ಎಳೆಯುವ ಸದ್ದು ಇದ್ದೇ ಇರುತ್ತದೆ, ನನ್ನ ಶಟರ್ ಯಾರಿಗೂ ಕೇಳಿಸುವುದಿಲ್ಲ. ಒಬ್ಬರು ಚಿಕ್ಕ ಕನ್ನಡಿ ಹಿಡಿದು ಹಣೆಯ ಮೇಲೆ ನಾಮ ಬರೆದುಕೊಳ್ಳುತ್ತಿರುತ್ತಾರೆ, ಇನ್ನೊಬ್ಬರು ಮುಂಡಾಸು ಕಟ್ಟಿಸಿಕೊಳ್ಳುತ್ತಾ ಕಣ್ಣು ಮುಚ್ಚಿರುತ್ತಾರೆ. 50 ಎಂಎಂ, ಎಫ್ 1.8, ಯಾರೂ ಅಂಚಿಗೆ ಓಡುವುದಿಲ್ಲ. ಹೋದ ವರ್ಷ ನನಗೆ ಅತಿ ಇಷ್ಟವಾದ ಆರು ಫೋಟೋಗಳೂ ಚೌಕಿಯವೇ. ನವೆಂಬರ್‌ನಲ್ಲಿ ಮೇಳಗಳು ಮತ್ತೆ ತಿರುಗಾಟಕ್ಕೆ ಹೊರಡುತ್ತವೆ. ನಿಮ್ಮೂರಿನ ಹತ್ತಿರ ಆಟ ಇದ್ದರೆ ಬರೆಯಿರಿ, ಬರುತ್ತೇನೆ.